ಕಿರಿಯರೊಡನೆ: ಗುಲ್ಮಾರ್ಗೋ, ಔಲಿಯೋ?



ರಾಜ್ಯೋತ್ಸವದ ಸಂಜೆ ಊಟದ ಸಾಲಿನಲ್ಲಿ ನಿಂತಿದ್ದ ನನ್ನನ್ನು ನಿಮ್ಮಲ್ಲಿ ಐದಾರು ಜನ ಸುತ್ತುಗಟ್ಟಿ, "ಅಂಕಲ್, ನೀವೇ ತೀರ್ಪು ಕೊಡಿ. ಸ್ಕೀಯಿಂಗಿಗೆ ಗುಲ್ಮಾರ್ಗಾ, ಔಲಿನಾ?" ಎಂದು ಕೇಳಿದಿರಿ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಹಿಂದಿನಿಂದ ನೂಕುವ ಜನ. "ಅಂಕಣದಲ್ಲಿ ಬರೀತೀನಿ" ಎಂದು ಜಾರಿಕೊಂಡೆ. ಜಾರುವುದರಲ್ಲಿ ನನಗೆ ಮೊದಲಿನಿಂದಲೂ ಅಭ್ಯಾಸವಿದೆ ಅನ್ನಿ. ಆದರೆ ಆ ಗುಂಪಿನಲ್ಲಿದ್ದ ಒಬ್ಬಳ ತಾಯಿ ಕೈ ತೊಳೆಯುವ ನಲ್ಲಿಯ ಬಳಿ ಸಿಕ್ಕಿ, "ನೀವು ಏನು ಬೇಕಾದರೂ ಬರೆಯಿರಿ, ಕಾಶ್ಮೀರಕ್ಕೆ ಹೋಗಿ ಅಂತ ಮಾತ್ರ ಬರೀಬೇಡಿ" ಎಂದರು. ಹಾಗಾಗಿ ಈ ತಿಂಗಳು ಪೆನ್ನು ಸ್ವಲ್ಪ ಭಾರವಾಗಿದೆ.

ಮೊದಲು ಒಂದು ಮಾತು. "ಇದೆಲ್ಲ ನಮ್ಮಂಥವರಿಗೆ ಅಲ್ಲ, ನಾವು ಉಪ್ಪಿಟ್ಟು ತಿನ್ನುವ ಜನ" ಎಂದು ಮನೆಯಲ್ಲಿ ಯಾರಾದರೂ ಅಂದರೆ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಹೆಸರು ಹೇಳಿ. ಹಿಮವೇ ಬೀಳದ ನಾಡಿನಲ್ಲಿ ಹುಟ್ಟಿದ ಆಕೆ 2024ರಲ್ಲಿ ಗುಲ್ಮಾರ್ಗಿನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಆಕೆಯದು ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ದೂರದ ಓಟ ಓಡುವ ಬಗೆ. ನೀವು ಕೇಳುತ್ತಿರುವುದು ಇಳಿಜಾರಿನಲ್ಲಿ ಜಾರುವ ಬಗೆ. ಎರಡಕ್ಕೂ ಬೇಕಾದದ್ದು ಒಂದೇ: ಬಿದ್ದು ಏಳುವುದಕ್ಕೆ ನಾಚದ ಮೊಣಕಾಲು.

ನನ್ನ ಮೊಣಕಾಲಿನ ಕಥೆ ಇಷ್ಟು. 1997ರ ಫೆಬ್ರವರಿಯಲ್ಲಿ, ಎಲ್‌ಟಿಸಿಯ ಪುಣ್ಯದಿಂದ, ಮೂವತ್ತೆಂಟನೆಯ ವಯಸ್ಸಿನಲ್ಲಿ ಔಲಿಗೆ ಹೋಗಿ ಏಳು ದಿನದ ತರಬೇತಿಗೆ ಹೆಸರು ಕೊಟ್ಟೆ. ತಂಡದಲ್ಲಿ ಉಳಿದವರೆಲ್ಲ ನಿಮ್ಮ ವಯಸ್ಸಿನವರು. ಸ್ಕೀ ಬೂಟು ಎಂದರೆ ಮಾಮೂಲಿ ಬೂಟಲ್ಲ. ಕಾಲಿಗೆ ಸಿಮೆಂಟು ಸುರಿದು ಒಣಗಿಸಿದ ಹಾಗೆ. ಮೊದಲ ದಿನ ಅದನ್ನು ಹಾಕಿಕೊಂಡು ಸಮತಟ್ಟಿನಲ್ಲಿ ನಡೆಯುವುದೇ ಪಾಠ. ಎರಡನೆಯ ದಿನ ಬೀಳುವ ಪಾಠ: ಪಕ್ಕಕ್ಕೆ ಬೀಳಬೇಕು, ಹಿಂದಕ್ಕೆ ಬೀಳಬಾರದು, ಬಿದ್ದ ಮೇಲೆ ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟುಕೊಂಡು ಏಳಬೇಕು, ಇಲ್ಲವಾದರೆ ಎದ್ದ ಕ್ಷಣವೇ ಹೊರಟುಬಿಡುತ್ತೀರಿ. ಮೇಲೆ ಹತ್ತುವುದೂ ಅಡ್ಡಡ್ಡಲಾಗಿಯೇ, ಏಡಿಯ ಹಾಗೆ. ಮೂರನೆಯ ದಿನ ಸ್ಕೀಗಳ ತುದಿ ಕೂಡಿಸಿ ಹಿಂಬದಿ ಅಗಲಿಸಿ ವೇಗ ತಗ್ಗಿಸುವುದು. ಸ್ನೋ ಪ್ಲೋ ಎನ್ನುತ್ತಾರೆ. ಹೆದರಿಕೆಯಾದಾಗ ದೇಹ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಸ್ಕೀ ಮಾತು ಕೇಳುವುದಿಲ್ಲ. ಮುಂದಕ್ಕೆ, ಅಂದರೆ ಹೆದರಿಕೆಯ ಕಡೆಗೇ, ಬಾಗಬೇಕು. ಗಢವಾಲಿ ಶಿಕ್ಷಕ ದಿನಕ್ಕೆ ನೂರು ಸಲ "ಘುಟ್ನೇ, ಸಾಬ್, ಘುಟ್ನೇ" ಎಂದು ಕೂಗುತ್ತಿದ್ದ. ನಾಲ್ಕನೆಯ ದಿನ ಮಧ್ಯಾಹ್ನ ಮೊದಲ ಬಾರಿಗೆ ನಾನು ನಿಲ್ಲಬೇಕೆಂದುಕೊಂಡ ಜಾಗದಲ್ಲೇ ನಿಂತೆ. ಆ ದಿನದ ಸಂತೋಷ ನನಗೆ ಬಡ್ತಿ ಬಂದ ದಿನವೂ ಆಗಲಿಲ್ಲ.

ಇಷ್ಟುದ್ದ ಹೇಳಿದ್ದು ಒಂದು ಲೆಕ್ಕಕ್ಕಾಗಿ. ನಿಲ್ಲುವುದನ್ನು ಕಲಿಯಲು ನನಗೆ ನಾಲ್ಕು ದಿನ ಬೇಕಾಯಿತು. ನಿಮಗೆ ಎರಡೂವರೆ ದಿನ ಸಾಕೆನ್ನೋಣ. ಆದರೆ ನೀವು ತೋರಿಸಿದ ಪ್ಯಾಕೇಜಿನಲ್ಲಿ ಸ್ಕೀಯಿಂಗಿಗೆ ಇದ್ದದ್ದು ಒಂದು ಅಪರಾಹ್ನ! ಅದಕ್ಕೆ ಗುಲ್ಮಾರ್ಗ್ ಆದರೇನು, ಔಲಿ ಆದರೇನು? ಬಾಡಿಗೆಯ ಕೋಟು ಹಾಕಿಕೊಂಡು, ಒಬ್ಬ ಬಡಪಾಯಿ ಎಳೆಯುವ ಹಲಗೆಗಾಡಿಯಲ್ಲಿ ಕುಳಿತು, ಫೋಟೋ ತೆಗೆಸಿಕೊಂಡು ಬರುತ್ತೀರಿ. ಅದು ತಪ್ಪಲ್ಲ, ಆದರೆ ಆ ಚಂದಕ್ಕೆ ಜಗಳವೇಕೆ? ಕಲಿಯುವ ಮನಸ್ಸಿದ್ದರೆ ಮಾತ್ರ ಈ ಎರಡು ಊರುಗಳ ವ್ಯತ್ಯಾಸ ಮುಖ್ಯವಾಗುತ್ತದೆ.

ಔಲಿ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿದೆ. ಇಳಿಜಾರು ಸುಮಾರು 3,050 ಮೀಟರಿನಿಂದ 2,500 ಮೀಟರಿನವರೆಗೆ ಇಳಿಯುತ್ತದೆ. ಮೂರು ಕಿಲೋಮೀಟರಿನಷ್ಟು ಉದ್ದ. ಕಲಿಯುವವರಿಗೆ ಹೇಳಿ ಮಾಡಿಸಿದಂಥದು. ಗಢವಾಲ್ ಮಂಡಲ್ ವಿಕಾಸ್ ನಿಗಮದವರು ಚಳಿಗಾಲದಲ್ಲಿ ಏಳು ದಿನದ, ಹದಿನಾಲ್ಕು ದಿನದ ತರಬೇತಿ ನಡೆಸುತ್ತಾರೆ. ವಸತಿ, ಊಟ, ಸಲಕರಣೆ, ಶಿಕ್ಷಕ ಎಲ್ಲವೂ ಒಂದೇ ಶುಲ್ಕದಲ್ಲಿ ಬರುತ್ತದೆ. ಎದುರಿಗೆ 7,816 ಮೀಟರಿನ ನಂದಾದೇವಿ. ಬಿದ್ದಾಗಲೆಲ್ಲ ಒಂದು ದರ್ಶನ, ನನಗೆ ಏಳು ದಿನದಲ್ಲಿ ಸಹಸ್ರನಾಮವೇ ಆಯಿತು.

ಇನ್ನೊಂದು ಪಕ್ಕದಲ್ಲಿ ದ್ರೋಣಗಿರಿ ಕಾಣುತ್ತದೆ. ಆ ತಪ್ಪಲಿನ ದ್ರೋಣಗಿರಿ ಹಳ್ಳಿಯವರು ಇಂದಿಗೂ ಹನುಮಂತನನ್ನು ಪೂಜಿಸುವುದಿಲ್ಲ. ಸಂಜೀವಿನಿಗಾಗಿ ತಮ್ಮ ಬೆಟ್ಟವನ್ನೇ ಕಿತ್ತುಕೊಂಡು ಹೋದನಲ್ಲ ಎಂಬ ಸಿಟ್ಟು. ಹನುಮಂತ ಹುಟ್ಟಿದ್ದು ಆನೆಗುಂದಿಯ ಅಂಜನಾದ್ರಿಯಲ್ಲಿ ಎಂದು ನಂಬಿದವರು ನಾವು. ಆ ಕಡೆ ಹೋದರೆ ನೀವು ಗಂಗಾವತಿ ಸೀಮೆಯವರೆಂದು ಹೇಳಿಕೊಳ್ಳದಿರುವುದು ಕ್ಷೇಮ.

ಔಲಿಗೆ ಹೋಗುವ ಬಾಗಿಲು ಜೋಶಿಮಠ. ಈಗ ಅದರ ಅಧಿಕೃತ ಹೆಸರು ಜ್ಯೋತಿರ್ಮಠ. ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆ ಹೇಳುವ ನಾಲ್ಕು ಮಠಗಳಲ್ಲಿ ನಮ್ಮ ಶೃಂಗೇರಿ ದಕ್ಷಿಣದ್ದಾದರೆ ಇದು ಉತ್ತರದ್ದು. ನಾನು ಹೋದಾಗ ಅಲ್ಲಿಂದ ಔಲಿಗೆ ನಾಲ್ಕು ಕಿಲೋಮೀಟರಿನ ರೋಪ್‌ವೇ ಇತ್ತು, ಆಗಿನ್ನೂ ಹೊಸದು. ಕೆಳಗೆ ದೇವದಾರು, ಮೇಲೆ ಬಿಳಿ ಬೆಟ್ಟ. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು ವಿಷ್ಣು ಸ್ತೋತ್ರ ಹೇಳುತ್ತಿದ್ದಳು.

2023ರ ಜನವರಿಯಲ್ಲಿ ಆ ಊರಿನ ಮನೆಗಳ ಗೋಡೆಗಳು ಬಿರುಕು ಬಿಟ್ಟದ್ದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಜೋಶಿಮಠ ಗಟ್ಟಿ ಬಂಡೆಯ ಮೇಲೆ ಕಟ್ಟಿದ ಊರಲ್ಲ. ಎಂದೋ ಕುಸಿದು ಬಂದ ಮಣ್ಣು ಕಲ್ಲಿನ ರಾಶಿಯ ಮೇಲೆ ನಿಂತಿದೆ. ಇಲ್ಲಿ ಭಾರಿ ಕಟ್ಟಡ ಬೇಡ, ಬಂಡೆ ಒಡೆಯುವುದು ಬೇಡ ಎಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಯಾರು ಕೇಳಿದರು? 2022ರ ಡಿಸೆಂಬರ್ 27ರಿಂದ ಜನವರಿ 8ರ ವರೆಗಿನ ಹನ್ನೆರಡು ದಿನಗಳಲ್ಲಿ ಊರಿನ ನಡುಭಾಗ 5.4 ಸೆಂಟಿಮೀಟರ್ ಇಳಿದಿತ್ತೆಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ನೂರಾರು ಮನೆಗಳು ವಾಸಕ್ಕೆ ಬಾರದಾದವು. ರೋಪ್‌ವೇಯನ್ನು ಆಗಲೇ ನಿಲ್ಲಿಸಿದರು. ಆದ್ದರಿಂದ ನಿಮ್ಮ ಯೋಜನೆಯನ್ನು ರೋಪ್‌ವೇ ನಂಬಿ ಮಾಡಬೇಡಿ. ರಸ್ತೆಯಲ್ಲಿ ಹದಿನೈದು ಕಿಲೋಮೀಟರಿನಷ್ಟು ಹತ್ತಬೇಕು, ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಜೀಪಿನಲ್ಲಿ.

ನಿಮ್ಮಲ್ಲಿ ಒಬ್ಬ ಕೇಳಿದ: "ಮುಳುಗುತ್ತಿರುವ ಊರಿಗೆ ನಾವು ಹೋಗಿ ಇನ್ನಷ್ಟು ಭಾರ ಹಾಕುವುದು ಸರಿಯಾ?" ಒಳ್ಳೆಯ ಪ್ರಶ್ನೆ, ನಾನು ಮೂರು ದಿನ ಯೋಚಿಸಿದೆ. ಚಳಿಗಾಲದಲ್ಲಿ ಬದರೀನಾಥದ ಯಾತ್ರೆ ಇರುವುದಿಲ್ಲ. ಆಗ ಆ ಊರಿನ ಜೀಪಿನವನಿಗೆ, ಬೂಟು ಬಾಡಿಗೆ ಕೊಡುವವನಿಗೆ, ನನ್ನ "ಘುಟ್ನೇ" ಶಿಕ್ಷಕನಂಥವರಿಗೆ ನಾಲ್ಕು ಕಾಸು ಕಾಣಿಸುವುದು ಔಲಿಯಿಂದಲೇ. ಹೋಗದೆ ಇದ್ದರೆ ನೆಲ ಗಟ್ಟಿಯಾಗುವುದಿಲ್ಲ. ಹೋಗುವವರು ಹೊಸದಾಗಿ ಎದ್ದ ಬಹುಮಹಡಿ ಹೋಟೆಲು ಹುಡುಕದೆ ನಿಗಮದ ವಸತಿಯಲ್ಲೋ ಸಣ್ಣ ಮನೆಗಳಲ್ಲೋ ಉಳಿದುಕೊಳ್ಳಲಿ ಎಂಬುದು ನನ್ನ ಮಟ್ಟದ ಉತ್ತರ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಸಂಪಾದಕರಿಗೆ ಬರೆಯಿರಿ.

ಈಗ ಗುಲ್ಮಾರ್ಗ್. ಶ್ರೀನಗರದಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ಟಂಗ್‌ಮಾರ್ಗ್ ದಾಟಿದ ಮೇಲೆ ಹದಿಮೂರು ಕಿಲೋಮೀಟರ್ ಏರು. ಊರಿರುವುದೇ ಸುಮಾರು 2,650 ಮೀಟರಿನಲ್ಲಿ. ಅಲ್ಲಿಂದ ಕೇಬಲ್ ಕಾರು, ಅವರು ಗೊಂಡೋಲಾ ಎನ್ನುತ್ತಾರೆ, ಎರಡು ಹಂತದಲ್ಲಿ ಮೇಲಕ್ಕೆ ಒಯ್ಯುತ್ತದೆ. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗದೂರಿಯವರೆಗೆ, 2005ರಲ್ಲಿ ಶುರುವಾದ ಎರಡನೆಯದು ಅಫರ್ವಟ್ ಬೆಟ್ಟದ ಭುಜದವರೆಗೆ, ಸುಮಾರು 3,950 ಮೀಟರಿಗೆ. ಔಲಿಯ ತುದಿಗಿಂತ ಒಂಬೈನೂರು ಮೀಟರ್ ಎತ್ತರ! ಜಗತ್ತಿನ ನುರಿತ ಸ್ಕೀಯರುಗಳು ಹುಡುಕಿಕೊಂಡು ಬರುವುದು ಅಲ್ಲಿನ ಪುಡಿಹಿಮಕ್ಕೆ. ಆದರೆ ನಿಮಗೆ ಬೇಕಾದದ್ದು ಅದಲ್ಲ. ಊರಿನ ನಡುವಿನ ಬಟ್ಟಲಿನಂಥ ಹುಲ್ಲುಗಾವಲಿನಲ್ಲೇ ಕಲಿಯುವವರ ಸಣ್ಣ ಇಳಿಜಾರುಗಳಿವೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದ ಒಬ್ಬನೇ ಒಬ್ಬ ಕ್ರೀಡಾಪಟು ಆರಿಫ್ ಖಾನ್ ಈ ಟಂಗ್‌ಮಾರ್ಗಿನ ಕಡೆಯವನೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲಿ ತರಬೇತಿ ಕೊಡುತ್ತದೆ. ಸೀಟು ಕಡಿಮೆ, ಬೇಗ ಬರೆದುಕೊಳ್ಳಬೇಕು.

ಅಫರ್ವಟ್ಟಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ನನ್ನ ಅಕ್ಕನ ಮಗ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗಿಗೆ ಹೋಗಿದ್ದ. ಮೂರನೆಯ ದಿನಕ್ಕೇ "ಬಂತು ಮಾಮ, ಬಂತು" ಎಂದು ಫೋನಿನಲ್ಲಿ ಕುಣಿದ. ನಾಲ್ಕನೆಯ ದಿನ ಗೆಳೆಯರ ಜೊತೆ ಸ್ಕೀ ಹೊತ್ತುಕೊಂಡು ಎರಡನೆಯ ಹಂತಕ್ಕೆ ಏರಿದ. ಮೇಲೆ ಮೋಡ ಕವಿಯಿತು. ತನ್ನ ಸ್ಕೀಯ ತುದಿ ತನಗೇ ಕಾಣದು. ನೆಲ ಯಾವುದು, ಆಕಾಶ ಯಾವುದು ತಿಳಿಯದು. ಅದೃಷ್ಟಕ್ಕೆ ಅಲ್ಲಿನ ಒಬ್ಬ ಸ್ಥಳೀಯ ಗೈಡ್ ಇವನು ನಿಂತ ಭಂಗಿ ನೋಡಿಯೇ ಎಷ್ಟು ದಿನದ ವಿದ್ಯೆ ಎಂದು ಅಳೆದು, ಬೈದು, ಕೇಬಲ್ ಕಾರಿನಲ್ಲೇ ವಾಪಸು ಕೂಡಿಸಿದ. ಅದೇ ತಿಂಗಳ ಮೊದಲ ದಿನ ಆ ಬೆಟ್ಟದ ಮೇಲೆ ಹಿಮಪಾತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರುಗಳು ತೀರಿಕೊಂಡಿದ್ದರು. 2024ರ ಫೆಬ್ರವರಿಯಲ್ಲಿ ರಷ್ಯಾದವರೊಬ್ಬರು. ಅವರೆಲ್ಲ ಹಿಮದ ನಾಡಿನಿಂದ ಬಂದವರು ಎಂಬುದನ್ನು ಗಮನಿಸಿ. ಅಫರ್ವಟ್ಟಿನಲ್ಲಿ ಕೇಬಲ್ ಕಾರಿನ ಸುತ್ತಲ ಬಟ್ಟಲನ್ನು ಮಾತ್ರ ಕಾವಲು ದಳದವರು ನೋಡಿಕೊಳ್ಳುತ್ತಾರೆ. ಅದರಾಚೆ ಸಡಿಲ ಹಿಮದ ಪದರ ಯಾವ ಕ್ಷಣ ಜಾರುತ್ತದೆಂದು ಹೇಳಲು ಬಾರದು. ನೀವು ಎರಡನೆಯ ಹಂತಕ್ಕೆ ಬೇಕಾದರೆ ಹೋಗಿ, ನೋಡಿ, ಚಹಾ ಕುಡಿದು ಕೇಬಲ್ ಕಾರಿನಲ್ಲೇ ಇಳಿಯಿರಿ. ಸ್ಕೀಗಳು ಕೆಳಗೇ ಇರಲಿ.

ಹಿಮದ ಮಾತಿಗೆ ಬಂದರೆ ಗುಲ್ಮಾರ್ಗೇ ಮೇಲು. ಎತ್ತರವೂ ಹೆಚ್ಚು, ಬೀಳುವ ಹಿಮವೂ ಹೆಚ್ಚು. ಆದರೆ "ಡಿಸೆಂಬರ್ ರಜೆಗೆ ಹೋಗೋಣ" ಎಂಬ ನಿಮ್ಮ ಲೆಕ್ಕ ಎರಡೂ ಕಡೆ ತಪ್ಪು. ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ, ಕಡು ಚಳಿಯ ಕಾಲ. ಅದು ಶುರುವಾಗುವ ಹೊತ್ತಿಗೆ ನಿಮ್ಮ ರಜೆ ಅರ್ಧ ಮುಗಿದಿರುತ್ತದೆ. ಈಚೆಗೆ ಆ ನಲವತ್ತು ದಿನವನ್ನೂ ನಂಬುವಂತಿಲ್ಲ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಹಿಮವಿಲ್ಲದೆ ಕಂದು ಬಣ್ಣದಲ್ಲಿ ಬಿದ್ದಿತ್ತು. 2025ರ ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಕೂಟವನ್ನೇ ಹಿಮ ಸಾಲದೆ ಮುಂದೂಡಿ ಮಾರ್ಚಿನಲ್ಲಿ ನಡೆಸಿದರು. ಔಲಿಯ ಸ್ಥಿತಿ ಇನ್ನೂ ನಾಜೂಕು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಹಿಮ ಮಾಡುವ ಯಂತ್ರಗಳನ್ನು ತಂದರು, ನೀರಿಗೆ ಕೆರೆ ತೋಡಿದರು. ಆದರೆ ಗಾಳಿಯೇ ತಣ್ಣಗಿಲ್ಲದಿದ್ದರೆ ಯಂತ್ರ ಮಳೆ ಸುರಿಸೀತೇ ಹೊರತು ಹಿಮವನ್ನಲ್ಲ. 2023ರಲ್ಲಿ ಅಲ್ಲಿನ ರಾಷ್ಟ್ರೀಯ ಸ್ಪರ್ಧೆಗಳೇ ರದ್ದಾದವು. ಹಾಗಾಗಿ ಎಲ್ಲಿಗೇ ಹೋಗಿ, ಜನವರಿಯ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ ಇಟ್ಟುಕೊಳ್ಳಿ. ಕಾಲೇಜಿಗೆ ಒಂದು ವಾರ ಚಕ್ಕರ್ ಹೊಡೆಯಿರಿ ಎಂದು ಈ ಅಂಕಣದಲ್ಲಿ ಬರೆಯುವ ಹಾಗಿಲ್ಲ, ನಾನು ಬರೆದಿಲ್ಲ.

ಇನ್ನು ಆ ತಾಯಿಯ ಮಾತು.

2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಸತ್ತ 26 ಜನರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ನಮ್ಮ ಹಾಗೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಜೆಗೆ ಹೋದವರು. ಪಹಲ್ಗಾಮ್ ಕಣಿವೆಯ ಇನ್ನೊಂದು ದಿಕ್ಕಿಗಿದೆ, ಗುಲ್ಮಾರ್ಗ್ ಬೇರೆ ಎಂದು ನೀವು ವಾದಿಸಿದಿರಿ. ನಿಜ. ಆದರೆ 2024ರ ಅಕ್ಟೋಬರಿನಲ್ಲಿ ಗುಲ್ಮಾರ್ಗಿಗೆ ಹತ್ತಿರದ ಬೂಟಾಪಥರಿಯಲ್ಲಿ ಸೇನೆಯ ವಾಹನದ ಮೇಲೆ ದಾಳಿಯಾಗಿ ಯೋಧರೂ ಹೊರೆಯಾಳುಗಳೂ ಸತ್ತದ್ದೂ ನಿಜವೇ. ಆದ್ದರಿಂದ ಅಮ್ಮನ ಭಯವನ್ನು "ಟಿವಿ ನೋಡಿ ನೋಡಿ ಹೀಗಾಗಿದ್ದಾಳೆ" ಎಂದು ತಳ್ಳಿಹಾಕಬೇಡಿ. ಅವಳ ಬಳಿ ಲೆಕ್ಕ ಇದೆ, ನಿಮ್ಮ ಬಳಿಯೂ ಇದೆ. ಅಲ್ಲಿಗೆ ಹೋಗಿ ಸುಖವಾಗಿ ಬಂದವರು ಲಕ್ಷಾಂತರ ಮಂದಿ ಎಂಬುದು ನಿಮ್ಮ ಲೆಕ್ಕ. ನನಗಿರುವುದು ಒಬ್ಬಳೇ ಮಗಳು ಎಂಬುದು ಅವಳ ಲೆಕ್ಕ. ಈ ಎರಡನ್ನು ಕೂಡಿಸಿ ಕಳೆದು ಉತ್ತರ ತೆಗೆಯುವ ಗಣಿತ ನನಗೆ ಬಾರದು.

ನನಗೆ ಗೊತ್ತಿರುವ ದಾರಿ ಒಂದೇ. ಟಿಕೇಟು ತೆಗೆಸಿದ ಮೇಲೆ ಹೇಳಬೇಡಿ, ತೆಗೆಸುವ ಮೊದಲು ಕುಳಿತು ಮಾತಾಡಿ, ಸಾಧ್ಯವಾದರೆ ಕನ್ನಡದಲ್ಲಿ. ಹಿಂದಿಯಲ್ಲಿ ನೀವು ವಾದ ಮಾಡುತ್ತೀರಿ, ಕನ್ನಡದಲ್ಲಿ ಇನ್ನೂ ಕೇಳಿಕೊಳ್ಳುತ್ತೀರಿ, ನಾನು ಗಮನಿಸಿದ್ದೇನೆ. ಸರ್ಕಾರದ ಆಯಾ ಹೊತ್ತಿನ ಸೂಚನೆ ಏನಿದೆ ಎಂದು ಇಬ್ಬರೂ ಸೇರಿ ನೋಡಿ. ಎಲ್ಲಿ ಉಳಿಯುತ್ತೀರಿ, ಯಾವ ಹೊತ್ತಿಗೆ ಫೋನು ಮಾಡುತ್ತೀರಿ ಎಂದು ಬರೆದುಕೊಡಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ಮನ್ನು ಕಾಶ್ಮೀರದಲ್ಲಿ ನೆಚ್ಚಿಕೊಳ್ಳಬೇಡಿ, ಗುಂಪಿನಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಮಗಳು ಸುಮ್ಮನಿದ್ದಾಳೆಂದರೆ ಸಿಮ್ ಸತ್ತಿದೆ ಎಂದು ಯಾವ ತಾಯಿಯೂ ಅಂದುಕೊಳ್ಳುವುದಿಲ್ಲ.

ತೀರ್ಪು ಕೇಳಿದಿರಲ್ಲ, ಕೊಡುತ್ತೇನೆ. ಔಲಿ ನನಗೆ ನಿಲ್ಲುವುದನ್ನು ಕಲಿಸಿದ ಬೆಟ್ಟ. ಮನಸ್ಸು ಆ ಕಡೆಗೇ ವಾಲುತ್ತದೆ. ಆದರೂ ಮನೆಯವರ ಒಪ್ಪಿಗೆಯಿದ್ದರೆ ಮೊದಲ ಸಲಕ್ಕೆ ನಾನು ಗುಲ್ಮಾರ್ಗ್ ಎನ್ನುತ್ತೇನೆ. ಹಿಮ ಇಲ್ಲದ ಇಳಿಜಾರಿನಲ್ಲಿ ಏಳು ದಿನ ಕುಳಿತರೆ ನಂದಾದೇವಿಯೂ ಬೇಸರವಾಗುತ್ತಾಳೆ. ನಿಮ್ಮಲ್ಲಿ ಹೊಸ ನೌಕರಿಯವನಿಗೆ ಐದೇ ದಿನ ರಜೆ. ಶ್ರೀನಗರಕ್ಕೆ ವಿಮಾನವಿದೆ, 2025ರ ಜೂನಿನಿಂದ ಕಟ್ರಾದಲ್ಲಿ ಗಾಡಿ ಬದಲಿಸಿ ರೈಲಿನಲ್ಲೂ ಹೋಗಬಹುದು. ಔಲಿಗೆ ಋಷಿಕೇಶದಿಂದ 250 ಕಿಲೋಮೀಟರಿನ ಬೆಟ್ಟದ ರಸ್ತೆ. ಹೋಗಲು ಒಂದು ದಿನ, ಬರಲು ಒಂದು ದಿನ, ಹೊಟ್ಟೆ ತೊಳಸಿದ್ದು ಇಳಿಯಲು ಅರ್ಧ ದಿನ. ಅವನಿಗೆ ಉಳಿಯುವುದೇನು?

ಮನೆಯವರು ಒಪ್ಪದಿದ್ದರೆ ಔಲಿ. ಅದನ್ನು ಎರಡನೆಯ ದರ್ಜೆ ಎಂದು ಮುಖ ಊದಿಸಿಕೊಂಡು ಹೋಗಬೇಡಿ. ನಿಗಮದವರಿಗೆ ಫೋನು ಮಾಡಿ, ಇಳಿಜಾರಿನಲ್ಲಿ ಹಿಮ ಇದೆಯೇ, ಎಷ್ಟು ದಿನದಿಂದ ಇದೆ ಎಂದು ಕೇಳಿ, ಆಮೇಲೆ ಹೊರಡಿ. ಐದು ದಿನದ ರಜೆಯವನು ಇನ್ನೆರಡು ದಿನ ಬೇಡಿಕೊಳ್ಳಲಿ. ನಲ್ಲಿಯ ಬಳಿ ಸಿಕ್ಕ ತಾಯಿಯವರೇ, ನಿಮ್ಮ ಮಾತನ್ನು ಪೂರ್ತಿ ನಡೆಸಲಾಗಲಿಲ್ಲ, ಕ್ಷಮಿಸಿ. ನಿಮ್ಮ ಮಗಳು ಕೇಳಿದ್ದಕ್ಕೆ ಸುಳ್ಳು ಹೇಳಲು ಕೈ ಬರಲಿಲ್ಲ. ಕಡೆಯ ಮಾತು ನಿಮ್ಮ ಮನೆಯಲ್ಲೇ ಆಗಲಿ.

ಎಲ್ಲಿಗೇ ಹೊರಟರೂ ಜೀನ್ಸ್ ಹಾಕಿಕೊಂಡು ಹಿಮಕ್ಕೆ ಇಳಿಯಬೇಡಿ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಬೂಟಿನೊಳಗೆ ಒಂದೇ ಜೊತೆ ಉಣ್ಣೆಯ ಸಾಕ್ಸ್ ಸಾಕು, ಎರಡು ಹಾಕಿದರೆ ಕಾಲು ಹಿಸುಕಿ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಕಪ್ಪು ಕನ್ನಡಕ ಶೋಕಿಯಲ್ಲ. ಹಿಮದ ಬಿಸಿಲಿಗೆ ಕಣ್ಣು ಉರಿದು ರಾತ್ರಿಯೆಲ್ಲ ನೀರು ಸುರಿಸುತ್ತಾ ಕುಳಿತವನು ನಾನು. ಪ್ರಯಾಣದ ವಿಮೆ ಮಾಡಿಸುವಾಗ ಸ್ಕೀಯಿಂಗ್ ಗಾಯಕ್ಕೆ ಅದು ಸಲ್ಲುತ್ತದೆಯೇ ಎಂದು ಸಣ್ಣಕ್ಷರದಲ್ಲಿ ಹುಡುಕಿ ಓದಿ.

ನನ್ನ 1997ರ ಕೈಗವಸು, ಉಣ್ಣೆಯ ಟೋಪಿ ಇನ್ನೂ ಟ್ರಂಕಿನಲ್ಲಿವೆ. ಬರುವ ಭಾನುವಾರ ಸಂಘದ ಗ್ರಂಥಾಲಯಕ್ಕೆ ತಂದಿಡುತ್ತೇನೆ, ಬೇಕಾದವರು ಒಯ್ಯಿರಿ. ಬಲಗೈ ಗವಸಿನ ಹೆಬ್ಬೆರಳು ಹರಿದಿದೆ, ಹೊಲಿದುಕೊಳ್ಳಿ. ನಾಫ್ತಲೀನ್ ವಾಸನೆ ಹೋಗಲು ಎರಡು ದಿನ ಬಿಸಿಲಿಗೆ ಹಾಕಬೇಕಾದೀತು.